ಮರಳಿನಲ್ಲಿ ಒಂದೇ ಹೆಜ್ಜೆ

ದೆವ್ವ ಭೂತಗಳ ಮಾತೆತ್ತಿದರೆ ನಗುತ್ತಿದ್ದವಳು ನಾನು. ಈಗಲೂ ನಗುತ್ತೇನೆ. ಇದನ್ನು ಓದಿ ನನ್ನನ್ನು ನಂಬುವವರ ಗುಂಪಿಗೆ ಸೇರಿಸಬೇಡಿ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅರವತ್ತರ ದಶಕದ ಮಾತು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಕೆಲವು ವಿದ್ಯಾರ್ಥಿಗಳನ್ನು ಭದ್ರಾವತಿಯ ಆಚೆಯ ಕಾಡಿಗೆ ಕರೆದೊಯ್ದು ವನ್ಯಪ್ರಾಣಿ ಸಂರಕ್ಷಣೆಯ ಸಂಶೋಧನಾ ತರಬೇತಿ ಕೊಡುತ್ತಿದ್ದರು. ಆ ವರ್ಷ ಹುಡುಗಿಯರೆಂದರೆ ನಾನು ಮತ್ತು ನನ್ನ ಗೆಳತಿ ಸರೋಜಾ. ತರಬೇತಿಯ ಸರ್ಟಿಫಿಕೇಟು ಸಿಕ್ಕರೆ ಎಂ.ಎಸ್ಸಿ., ಸಿಗದಿದ್ದರೆ ಮದುವೆ ಎಂದು ಅಪ್ಪ ಮೊದಲೇ ಹೇಳಿದ್ದರು. ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ.

ಸಂಜೆ ಹಳ್ಳದ ಮರಳನ್ನು ಸೊಪ್ಪಿನ ಕೊಂಬೆಯಿಂದ ಗುಡಿಸಿ ನುಣ್ಣಗೆ ಮಾಡಿ ಬರುವುದು, ಬೆಳಿಗ್ಗೆ ಹೋಗಿ ಯಾವ ಪ್ರಾಣಿ ದಾಟಿದೆಯೆಂದು ನೋಡುವುದು ನಮ್ಮ ಕೆಲಸ. ಒಳ್ಳೆಯ ಹೆಜ್ಜೆ ಸಿಕ್ಕರೆ ಸುತ್ತ ತಗಡಿನ ಪಟ್ಟಿ ನಿಲ್ಲಿಸಿ, ಪ್ಲಾಸ್ಟರ್ ಕಲಸಿ ಸುರಿದು, ಗಟ್ಟಿಯಾದ ಮೇಲೆ ಅಚ್ಚು ತೆಗೆಯಬೇಕು. ನಮಗೆ ಸಿಗುತ್ತಿದ್ದದ್ದು ಹಂದಿ, ಮೊಲ, ಕಡವೆ. ಆ ಭಾಗದಲ್ಲಿ ಹುಲಿ ಉಳಿದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು.

ಒಂದು ಬೆಳಿಗ್ಗೆ, ದೂರದಲ್ಲಿ ಭದ್ರಾವತಿ ಕಾರ್ಖಾನೆಯ ಸೈರನ್ ಕೂಗುತ್ತಿದ್ದಾಗ, ನಾನೂ ಸರೋಜಾಳೂ ಹಳ್ಳಕ್ಕೆ ಇಳಿದೆವು. ನಾವು ಗುಡಿಸಿದ್ದ ಅಗಲವಾದ ಮರಳಿನ ನಟ್ಟನಡುವೆ ಹುಲಿಯ ಹೆಜ್ಜೆಯೊಂದಿತ್ತು. ಒಂದೇ. ಅದಕ್ಕೆ ಹಿಂದಿನದಿಲ್ಲ, ಮುಂದಿನದಿಲ್ಲ, ಮನುಷ್ಯರ ಕಾಲಿನ ಗುರುತೂ ಇಲ್ಲ. ಹೊರಬದಿಯ ಬೆರಳು ಇರಲಿಲ್ಲ. ಅದರ ಪಕ್ಕದ್ದು ಒಳಕ್ಕೆ ತಿರುಚಿಕೊಂಡಿತ್ತು. ನಾವು ನೋಡುತ್ತಿದ್ದಂತೆಯೇ ಹೆಜ್ಜೆಯೊಳಗೆ ನೀರು ಜಿನುಗಿ ತುಂಬುತ್ತಿತ್ತು, ಆಗತಾನೇ ಕಾಲೆತ್ತಿದ ಹಾಗೆ. ಹೆದರಿದೆ, ಸುಳ್ಳೇಕೆ. ಆದರೂ ಮರಳಿಗಿಳಿದು, ಸೆರಗಿನ ತುದಿಯಿಂದ ನೀರು ಹೀರಿಸಿ ಅಚ್ಚು ತೆಗೆದೆ.

ಮೇಷ್ಟ್ರು ಬರುವ ಹೊತ್ತಿಗೆ ಮರಳಿನ ತುಂಬ ನನ್ನ ಕಾಲಿನ ಗುರುತುಗಳೇ. ಅಚ್ಚನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು. ಅಂಥ ಕಾಲಿನ ಹುಲಿಯನ್ನು ಹಿಂದಿನ ವರ್ಷವೇ ಹೊಡೆದಾಗಿತ್ತಂತೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮರದ ವ್ಯಾಪಾರಿಯೊಬ್ಬರ ಹಜಾರದಲ್ಲಿ ಅದರ ಚರ್ಮಕ್ಕೆ ಹುಲ್ಲು ತುಂಬಿ ನಿಲ್ಲಿಸಿದ್ದಾರಂತೆ. ನನಗೆ ಅದು ಗೊತ್ತೇ ಇರಲಿಲ್ಲ. ನಾನೇ ಯಾವುದೋ ಹಳೆಯ ಅಚ್ಚನ್ನು ಮರಳಿಗೆ ಒತ್ತಿದ್ದೇನೆಂದು ಹುಡುಗರು ಆಡಿಕೊಂಡರು. ಸರೋಜಾಳನ್ನು ಕೇಳಿದರೆ ತಾನು ಸರಿಯಾಗಿ ನೋಡಲಿಲ್ಲ ಎಂದುಬಿಟ್ಟಳು. ಆಮೇಲೆ ನನ್ನ ಹತ್ತಿರ ಬಂದು ಅಳುತ್ತಾ, "ನಂಗೂ ಸರ್ಟಿಫಿಕೇಟು ಬೇಕಲ್ಲ ಮಾರಾಯ್ತಿ" ಎಂದಳು.

ಮೇಷ್ಟ್ರು ಕೆಟ್ಟವರಲ್ಲ. ನನ್ನನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ಚಿರತೆ ಅಂತ ಬರಿ. ನಾನು ಸೈನ್ ಹಾಕಿಕೊಡ್ತೀನಿ" ಎಂದರು.

"ಚಿರತೆ ಹೆಜ್ಜೆ ಇಷ್ಟು ದೊಡ್ಡದಿರಲ್ಲ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ ಸರ್" ಎಂದೆ.

ವರದಿಯಲ್ಲಿ ಹುಲಿ ಎಂದೇ ಬರೆದೆ. ಸರ್ಟಿಫಿಕೇಟು ಬರಲಿಲ್ಲ.

ಶಿವಮೊಗ್ಗಕ್ಕೆ ಮರಳಿದ ದಿನವೇ ಅಚ್ಚನ್ನು ಟವಲಿನಲ್ಲಿ ಸುತ್ತಿಕೊಂಡು ಆ ವ್ಯಾಪಾರಿಯ ಮನೆಗೆ ಹೋದೆ. ಹುಲಿ ನೋಡಲು ಬರುವವರು ಅವರಿಗೆ ಹೊಸಬರಲ್ಲ. ಮನೆಯಾಕೆ ಒಳಗೆ ಕರೆದು ಕಾಫಿ ಮಾಡಲು ಹೋದರು. ಎಡ ಮುಂಗಾಲಿನ ಪಕ್ಕ ಅಚ್ಚನ್ನಿಟ್ಟು ನೋಡಿದೆ. ಇಲ್ಲದ ಬೆರಳು, ತಿರುಚಿದ ಬೆರಳು, ಎಲ್ಲ ಹಾಗೇ ಇತ್ತು. ಆ ಗಾಜಿನ ಕಣ್ಣುಗಳನ್ನು ನೋಡಿ ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸತ್ತದ್ದು ಅದು, ಸುಳ್ಳುಗಾತಿ ಅನ್ನಿಸಿಕೊಂಡದ್ದು ನಾನು.

ಮದುವೆಯಾಯಿತು. ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸಿದೆ. ಅಚ್ಚು ನನ್ನ ಮೇಜಿನ ಮೇಲೇ ಇತ್ತು. ಅಂಥದೇ ಗಾಯವಿದ್ದ ಇನ್ನೊಂದು ಹುಲಿ ಇದ್ದಿರಬೇಕು ಎಂದು ಬಂದವರು ಹೇಳುತ್ತಿದ್ದರು. ಇರಬಹುದು, ಅದು ಒಂದೇ ಕಾಲೂರಿ ಎಲ್ಲಿಗೆ ಹೋಯಿತು ಎಂದು ಕೇಳುತ್ತಿದ್ದೆ.

ರಿಟೈರಾದ ಮೇಲೆ ಮೇಷ್ಟ್ರು ಒಮ್ಮೆ ಮನೆಗೆ ಬಂದಿದ್ದರು. ಅಚ್ಚನ್ನು ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿ ನೋಡಿ, "ಹಾಗಾದ್ರೆ ಇದು ಏನಮ್ಮ?" ಎಂದು ಕೇಳಿದರು.

"ಗೊತ್ತಿಲ್ಲ ಸರ್" ಎಂದೆ. "ಚಿರತೆಯಂತೂ ಅಲ್ಲ."