ಶಿಫ್ರಾ ಓದಿದ ಚೀಟಿಗಳು

ಬಸಾವಿಲ್ಬಾಸೊ ಜಂಕ್ಷನ್ನಿನ ಯಿಡ್ಡಿಷ್ ಮಾತಾಡುವ ವಲಸೆಗಾರ ಯಹೂದಿಗಳಲ್ಲಿ ಶಿಫ್ರಾ ಬುರ್ಲ್ಯಾಂಡಳಿಗೆ ಹೆದರದವರಿರಲಿಲ್ಲ. ದೇವರನ್ನು ಒಪ್ಪದ ಎಡಪಂಥೀಯರ ಸಂಘದ ಲೈಬ್ರರಿ ಅವಳ ಕೈಯಲ್ಲಿತ್ತು. ಒಂಬೈನೂರು ಪುಸ್ತಕಕ್ಕೂ ತಾನೇ ಕಂದು ಕಾಗದದ ಹೊದಿಕೆ ಹಾಕಿದ್ದಳು. ಪುಟ ಮಡಚಿ ತಂದವರ ಏಳು ತಲೆಮಾರು ಜಾಲಾಡುತ್ತಿದ್ದಳು. ದೇವರಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಊರಿನ ಆಸ್ತಿಕರು ಉಪವಾಸವಿದ್ದು ಪಾಪಕ್ಕೆ ಕ್ಷಮೆ ಬೇಡುವ ದಿನ ಇವಳು ಕಿಟಕಿ ತೆರೆದಿಟ್ಟು ಈರುಳ್ಳಿ ಹಾಕಿ ಮಾಂಸ ಹುರಿಯುತ್ತಿದ್ದಳು, ಪ್ರಾರ್ಥನಾ ಮಂದಿರಕ್ಕೆ ಹೋಗುವವರ ಮೂಗಿಗೆ ಬಡಿಯಲಿ ಎಂದೇ.

ಬ್ಯೂನಸ್ ಐರಿಸ್‌ನಿಂದ ರೈಲಿನಲ್ಲಿ ಬರುವ ಭಾಷಣಕಾರರಿಗೆ ಊಟ, ಹಾಸಿಗೆ ಅವಳ ಮನೆಯಲ್ಲೇ. ಭಾಷಣ ಮುಗಿದ ಮೇಲೆ ಜನ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುವುದು ವಾಡಿಕೆ. ಸಹಿ ಹಾಕುವಂತಿಲ್ಲ, ನಾಚಿಕೆಯವರೂ ಕೇಳಲಿ ಎಂದು. ಗಟ್ಟಿಯಾಗಿ ಓದುವವಳು ಶಿಫ್ರಾ. ಲೈಬ್ರರಿಯ ವಹಿಯಲ್ಲಿ ಹನ್ನೊಂದು ವರ್ಷ ಎಲ್ಲರ ಬರಹ ನೋಡಿದ ಕಣ್ಣಿಗೆ ಯಾವ ಚೀಟಿ ಯಾರದೆಂದು ಗೊತ್ತಾಗದೆ ಇರುತ್ತದೆಯೇ? ಆದರೆ ಒಮ್ಮೆಯೂ ಬಾಯಿ ಬಿಟ್ಟವಳಲ್ಲ.

ಮೊದಮೊದಲು ಚೀಟಿಗಳಲ್ಲಿ ಬರೀ ಜಗಳ: ಭೂಮಿ ಯಾರದು, ಹೆಂಗಸರಿಗೆ ಕಾದಂಬರಿ ಬೇಕೆ. ಯುದ್ಧ ಬಲಿತ ಮೇಲೆ ಭಾಷಣದ ವಿಷಯ ಏನೇ ಇರಲಿ, ಚೀಟಿಯಲ್ಲಿ ಒಂದೊಂದು ಊರಿನ ಹೆಸರು. ತಾವು ಬಿಟ್ಟು ಬಂದ ಊರು, ಅಲ್ಲಿಯವರು ಏನಾದರೆಂಬ ಪ್ರಶ್ನೆ. ಓದುವಾಗ ಆ ಊರಿನವರು ಬಾಗಿಲಲ್ಲಿ ಬೂಟು ಕಳಚಿ ಒಳಗೆ ಬಂದು ಕೂತಂತಾಗಿ ಶಿಫ್ರಾಳ ಕತ್ತಿನ ಹಿಂದೆ ತಣ್ಣಗಾಗುತ್ತಿತ್ತು. ಭಾಷಣಕಾರರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಗೊತ್ತಿಲ್ಲ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಸೆಪ್ಟೆಂಬರಿನ ಒಂದು ಭಾನುವಾರ ನಾಫ್ತುಲ್ ಗ್ರಾನಾಟ್ ಎರಡನೆಯ ಸಲ ಭಾಷಣಕ್ಕೆ ಬಂದ. ವಾರ್ಸಾದವನು. ಮೂವತ್ತೊಂಬತ್ತರಲ್ಲಿ ಆರು ವಾರದ ಭಾಷಣ ಪ್ರವಾಸಕ್ಕೆಂದು ಹಡಗು ಹತ್ತಿದವನು ಹಿಂದಿರುಗಲಾಗದೆ ಇಲ್ಲೇ ಉಳಿದಿದ್ದ. ಹೆಂಡತಿ, ಇಬ್ಬರು ಮಕ್ಕಳು ಅಲ್ಲಿ. ಸಭೆಗೆ ಮುಂಚೆ ಚಹಾ ಕುಡಿಯುತ್ತ ಹೇಳಿದ:

"ಒಂದು ಉಪಕಾರ ಮಾಡೀಮ್ಮ. ಊರಿನ ಹೆಸರಿರೋ ಚೀಟಿ ಇವತ್ತು ಓದ್ಬೇಡಿ."

"ಯಾಕೆ? ಹೋದ ಸಲ ಗೊತ್ತಿಲ್ಲ ಅಂದ್ರಲ್ಲ, ಇವತ್ತೂ ಅನ್ನಿ."

"ಹೋದ ಸಲ ನಿಜವಾಗ್ಲೂ ಗೊತ್ತಿರ್ಲಿಲ್ಲ."

ಯಹೂದಿಗಳನ್ನೆಲ್ಲ ಕೊಂದುಹಾಕಿದ ಊರುಗಳ ಒಂದು ಪಟ್ಟಿ ಮಾಸ್ಕೋದಿಂದ ಬಂದಿತ್ತು. ಖಚಿತವಾಗುವವರೆಗೆ ಅದನ್ನು ಹೊರಗೆ ಹೇಳಬಾರದು, ಜನ ಕುಸಿದುಬಿಡುತ್ತಾರೆ, ಸದ್ಯಕ್ಕೆ ಗೆಲುವಿನ ಮಾತಷ್ಟೇ ಆಡಬೇಕು ಎಂದು ಸಂಘದ ಮೇಲಿನ ಸಮಿತಿಯ ಅಪ್ಪಣೆ.

"ದುಬ್ರೋಶಿನ್ ಇದ್ಯಾ ಅದ್ರಲ್ಲಿ?" ಅದು ಶಿಫ್ರಾ ಹುಟ್ಟಿದ ಊರು. ಅವಳ ಅಪ್ಪ ಅಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ.

ಗ್ರಾನಾಟ್ ಸಕ್ಕರೆಯ ಬದಲು ಚಹಾಕ್ಕೆ ಹಾಕಿಕೊಂಡಿದ್ದ ಹಣ್ಣಿನ ಜಾಮನ್ನು ಕಲಕಿದ. "ಇದೆ. ಯಾರೂ ಉಳಿದಿಲ್ಲಮ್ಮ."

ಶಿಫ್ರಾ ಎದ್ದು ಅವನ ತಟ್ಟೆಗೆ ಇನ್ನೊಂದು ತುಂಡು ಸ್ಟ್ರೂಡಲ್ ಹಾಕಿದಳು. ಅವಳ ತಲೆಯಲ್ಲಿ ಓಡಿದ್ದು ಒಂದೇ ಹೆಸರು: ಪೆಸ್ಯಾ. ದರ್ಜಿ ಕೆಲಸದ ಪೆಸ್ಯಾ ಕಾಮೆನೆಟ್ಸ್ಕಿ ದುಬ್ರೋಶಿನ್ನಿನಲ್ಲಿ ಶಿಫ್ರಾಳ ಬೀದಿಯವಳೇ. ಹರಿದ ಪುಸ್ತಕವೊಂದರ ಸಲುವಾಗಿ ಆರು ವರ್ಷದಿಂದ ಇಬ್ಬರೂ ಹಾವು ಮುಂಗುಸಿ. ಆದರೂ ಪ್ರತಿ ಸಭೆಯಲ್ಲೂ ಪೆಸ್ಯಾಳ ಚೀಟಿ ಬರುತ್ತಿತ್ತು, ಅದರಲ್ಲಿ ದುಬ್ರೋಶಿನ್ ಇರುತ್ತಿತ್ತು. ಯುದ್ಧ ಮುಗಿದು ತಾಯಿ ಬಂದಾಗ ಬೇಕಾಗುತ್ತದೆಂದು ಅವಳು ಉಣ್ಣೆಯ ಕೋಟು ಹೊಲಿಯುತ್ತಿರುವುದು ಇಡೀ ಊರಿಗೆ ಗೊತ್ತಿತ್ತು. ಹೇಳದಿದ್ದರೆ ಆ ಹೆಂಗಸು ಹೊಲಿಯುತ್ತಲೇ ಇರುತ್ತಾಳೆ. ಹೇಳಿದರೆ, ಆ ತಾಯಿಯನ್ನು ಕೊಂದವಳು ತಾನೇ ಆದಂತೆ.

ಸಭೆಗೆ ಹಳ್ಳಿಗಳಿಂದಲೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಗ್ರಾನಾಟ್ ಸಾಹಿತ್ಯ ಮತ್ತು ಗೆಲುವಿನ ಬಗ್ಗೆ ಚೆನ್ನಾಗಿಯೇ ಮಾತಾಡಿದ. ಇಪ್ಪತ್ತಮೂರು ಚೀಟಿ ಬಂದವು. ನಾಲ್ಕರಲ್ಲಿ ಭಾಷಣದ ಬಗ್ಗೆ ಪ್ರಶ್ನೆ, ಅವನ್ನು ಓದಿದಳು. ಊರಿನ ಹೆಸರಿದ್ದ ಉಳಿದ ಹತ್ತೊಂಬತ್ತು ಮಡಿಲಲ್ಲಿದ್ದವು.

"ಆಯ್ತಲ್ಲ, ಇನ್ನು ಹಾಡು ಹೇಳಿ ಮುಗಿಸೋಣ," ಎಂದು ಅಧ್ಯಕ್ಷ ಬೋರುಖ್ ಸ್ಲುಟ್ಸ್ಕಿ ಎದ್ದ.

ಮೂರನೆಯ ಸಾಲಿನಲ್ಲಿ ಪೆಸ್ಯಾ ಕತ್ತು ಉದ್ದ ಮಾಡಿ ಕೂತಿದ್ದಳು. ಶಿಫ್ರಾ ಒಂದು ಚೀಟಿ ಬಿಡಿಸಿದಳು.

"ದುಬ್ರೋಶಿನ್. ಅಲ್ಲಿ ಈಗ ಯಾರಿದ್ದಾರೆ?"

ಗ್ರಾನಾಟ್ ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿದವಳು ಶಿಫ್ರಾ. "ಯಾರೂ ಇಲ್ಲ ಕಣೇ ಪೆಸ್ಯಾ."

ಸಹಿಯಿಲ್ಲದ ಚೀಟಿಗೆ ಅವಳು ಹೆಸರಿಟ್ಟು ಕರೆದದ್ದು ಅದೇ ಮೊದಲು. ಪೆಸ್ಯಾ ಎದ್ದು ವೇದಿಕೆ ಹತ್ತಿದಳು. ಹೊಡೆದೇ ಬಿಡುತ್ತಾಳೆಂದು ಎಲ್ಲರೂ ಅಂದುಕೊಂಡರು.

"ನಿಮ್ಮಪ್ಪ?" ಎಂದಳು.

"ಅಪ್ಪನೂ."

ಆ ಮಾತು ಬಾಯಿಂದ ಹೊರಬಿದ್ದಾಗಲೇ ಶಿಫ್ರಾಳ ಅಪ್ಪ ಅವಳ ಪಾಲಿಗೆ ಸತ್ತ. ಅಲ್ಲಿಯವರೆಗೆ ಅವಳು ಪೆಸ್ಯಾಳಿಗಾಗಿ ಮರುಗುತ್ತಿದ್ದಳು, ಅಷ್ಟೇ. ಪಕ್ಕದ ಕುರ್ಚಿಗೆ ಒರಗಿದಳು.

"ಸರಿಯಾಗಿ ನಿಂತ್ಕೋ," ಎಂದು ಪೆಸ್ಯಾ ಕೈಚೀಲದಿಂದ ಕತ್ತರಿ ತೆಗೆದು, ಶಿಫ್ರಾಳ ರವಿಕೆಯ ಎಡಗಡೆಯ ಕಾಲರಿಗೆ ಒಂದು ಕಚ್ಚು ಹಾಕಿ, ಎದೆಯವರೆಗೂ ಕೈಯಿಂದಲೇ ಹರಿದಳು. ಹೆತ್ತವರು ಸತ್ತರೆ ಇವರ ಅಜ್ಜಂದಿರು ಶಾಸ್ತ್ರದಂತೆ ಬಟ್ಟೆಯನ್ನು ಹಾಗೆ ಹರಿದುಕೊಳ್ಳುತ್ತಿದ್ದರು. ಈ ಸಂಘದಲ್ಲಿ ಅದನ್ನು ನೆನೆಸಿಕೊಂಡವರೂ ಇರಲಿಲ್ಲ.

"ಇದೇನು ಮಂದಿರಾನಾ?" ಬೋರುಖ್ ಚೀರಿದ.

"ಕೂತ್ಕೊಳ್ಳಪ್ಪ ನೀನು. ದೇವರಿಗಲ್ಲ, ಇವಳಪ್ಪನಿಗೆ."

ಶಿಫ್ರಾ ಕತ್ತರಿ ತೆಗೆದುಕೊಂಡು ಪೆಸ್ಯಾಳ ಕಾಲರು ಕತ್ತರಿಸಿದಳು. ಆಮೇಲೆ ಉಳಿದ ಹದಿನೆಂಟು ಚೀಟಿಗಳನ್ನೂ ಓದಿದಳು. ಗ್ರಾನಾಟ್ ಜೇಬಿನಿಂದ ಪಟ್ಟಿ ತೆಗೆದು ಒಂದೊಂದಕ್ಕೂ ಇದೆ, ಇದೆ ಎಂದ. ಎರಡಕ್ಕೆ ಮಾತ್ರ ಗೊತ್ತಿಲ್ಲ ಎಂದ. ಕರೆಯದಿದ್ದರೂ ಒಬ್ಬೊಬ್ಬರೇ ಮೇಲೆ ಬಂದು ಕಾಲರು ಒಡ್ಡಿದರು. ಬಟ್ಟೆ ಹರಿಯುವ ಸದ್ದಷ್ಟೇ ಕೇಳುತ್ತಿತ್ತು.

ಚೀಟಿಗಳು ಮುಗಿದವು. ಗ್ರಾನಾಟ್ ಅವಳ ಹತ್ತಿರ ಬಂದ.

"ಇಷ್ಟು ಊರು ತಿರುಗಿದೆ, ಎಲ್ಲೂ ನನ್ನದು ಅಂತ ಒಂದು ಚೀಟಿ ಬರೀಲಿಲ್ಲ. ಕೈ ಬರ್ಲಿಲ್ಲ. ನೀವೇ ಓದ್ಬಿಡೀಮ್ಮ."

ಶಿಫ್ರಾ ತನ್ನ ಬರಿಗೈಯನ್ನು ನೋಡಿಕೊಂಡು, "ವಾರ್ಸಾ," ಎಂದು ಓದಿದಳು.

ಉತ್ತರ ಹೇಳಬೇಕಾದವನು ಕೋಟಿನ ಕಾಲರನ್ನು ಮುಂದಕ್ಕೆ ಹಿಡಿದು ನಿಂತಿದ್ದ.