ನನಗೆ ಚಕ್ಕಡಿಯೇ ಇರಲಿ

ವಾಹನ ಯಾವುದೇ ಇರಲಿ, ಗಂಡಸರು ಮೊದಲು ಅದರ ಗಾಲಿ ನೋಡುತ್ತಾರೆ, ಆಮೇಲೆ ಎತ್ತನ್ನೋ ಯಂತ್ರವನ್ನೋ ನೋಡುತ್ತಾರೆ. ನಾನು ಮಾತ್ರ ಒಳಗೆ ಕುಳಿತರೆ ಹೊರಗೆ ಏನು ಕಾಣುತ್ತದೆ ಎಂದು ಇಣುಕುತ್ತೇನೆ. ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಈಚೆಗೆ ದಿನಾ ಸಂಜೆ ಒಂದೇ ಚರ್ಚೆ. ನಮ್ಮಂಥ ಮನೆತನಕ್ಕೆ ಹೌಸಿಗೆ, ಅಂದರೆ ಖುಷಿಗೆ, ತಿರುಗಾಡಲು ಎಂಥ ವಾಹನ ಒಪ್ಪುತ್ತದೆ? ಯುದ್ಧ ಮುಗಿಯಿತಲ್ಲ, ಮೋಟಾರು ತರೋಣ ಎಂದು ಒಬ್ಬರು. ಹೊಸ ಸವಾರಿ ಬಂಡಿ ಮಾಡಿಸೋಣ ಎಂದು ಇನ್ನೊಬ್ಬರು. ನನ್ನನ್ನು ಯಾರೂ ಕೇಳಿಲ್ಲ. ಕೇಳದಿದ್ದರೆ ಹೇಳಬಾರದು ಎಂದು ಎಲ್ಲಿ ಬರೆದಿದೆ? ನೀವಾದರೂ ಕೇಳಿ.

ಸೈಕಲ್ಲಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ನನ್ನ ಯಜಮಾನರು ಕನ್ನಡ ಸಾಲಿಯ ಮಾಸ್ತರರು. ಅವರು ಸೈಕಲ್ ಹತ್ತುವುದನ್ನು ಕಲಿತರು, ಇಳಿಯುವುದನ್ನು ಕಲಿಯಲಿಲ್ಲ. ಯಾವುದಾದರೂ ಗೋಡೆ ಸಿಗುವತನಕ ಹೋಗುತ್ತಲೇ ಇರುತ್ತಾರೆ. ನಾನೂ ಒಮ್ಮೆ ಹಿತ್ತಲಲ್ಲಿ ಯಾರೂ ಇಲ್ಲದಾಗ ಪ್ರಯತ್ನಿಸಿ, ಸೀರೆಯ ನಿರಿಗೆಯನ್ನು ಸರಪಳಿಗೆ ಒಪ್ಪಿಸಿ, ಬದನೆಯ ಮಡಿಯಲ್ಲಿ ಬಿದ್ದೆ. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಹೆಂಗಸಿಗೆ ಅಷ್ಟು ಅನುಭವ ಸಾಕು.

ಟಾಂಗಾ ನೋಡಲು ಚೆಂದ. ಸವಣೂರಿನಲ್ಲಿ ಒಂದು ಮದುವೆಗೆ ಹೋದಾಗ ಕುಳಿತಿದ್ದೆ. ಕುದುರೆಯ ತಲೆಗೆ ಕೆಂಪು ತುರಾಯಿ, ಟಾಂಗಾದವನ ಬಾಯಲ್ಲಿ ಎಲೆಯಡಿಕೆ, ಎಲ್ಲ ಠಾಕುಠೀಕು. ಆದರೆ ಗಂಡಸರು ಮುಂದೆ ಕೂರುತ್ತಾರೆ, ಹೆಂಗಸರು ಹಿಂದೆ ಬೆನ್ನು ತಿರುಗಿಸಿ ಕೂರಬೇಕು. ಬರುವ ಊರೆಲ್ಲ ಅವರಿಗೆ, ಬಿಟ್ಟುಹೋದ ಧೂಳೆಲ್ಲ ನಮಗೆ. ಇನ್ನು ಮೋಟಾರು. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಇದ್ದಲಿ ಉರಿಸಿ ಓಡಿಸುತ್ತಿದ್ದ ಮೋಟಾರಿನಲ್ಲಿ ಶಿಗ್ಗಾವಿಗೆ ಹೋಗಿದ್ದೆ. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಿದರು. ಶಿಗ್ಗಾವಿ ಮುಟ್ಟುವ ಹೊತ್ತಿಗೆ ನಮ್ಮ ಮುಖಗಳು ಒಲೆಯ ಮೇಲಿನ ಗಡಿಗೆಯಂತಾಗಿದ್ದವು, ಬೀಗರು ನಮ್ಮನ್ನು ಧ್ವನಿಯಿಂದ ಗುರುತಿಸಿದರು.

ಉಳಿದದ್ದು ಸವಾರಿ ಬಂಡಿ. ಬಿದಿರಿನ ಕಮಾನು, ಮೇಲೆ ಚಾಪೆ, ಹಿಂದೆ ಮುಂದೆ ಪರದೆ. ಮನೆತನದ ಹೆಂಗಸರು ಊರ ಹೊರಗೆ ಕಾಲಿಟ್ಟರೆ ಅದರಲ್ಲೇ ಹೋಗಬೇಕು. ಹತ್ತಿಸಿದ ಮೇಲೆ ಮನೆಯ ಹಿರಿಯರು ತಾವೇ ನಿಂತು ಪರದೆ ಕಟ್ಟುತ್ತಾರೆ. ಅಲ್ಲಿಂದ ಮುಂದೆ ನಾವು ಸಾಮಾನು. "ಮುಂದಿನ ಪರದಿ ಸರಿಸಿದ್ರ ಆತಲ್ಲ," ಎಂದು ಯಜಮಾನರು ಒಮ್ಮೆ ಉದಾರವಾಗಿ ಹೇಳಿದರು. ಸರಿಸಿ ನೋಡಿದೆ. ಬಂಡಿ ಹೊಡೆಯುವವನ ಬೆನ್ನು ಕಂಡಿತು, ಅದರ ಆಚೆ ಎರಡು ಬಾಲ ಕಂಡವು. ಮತ್ತೆ ಮುಚ್ಚಿಕೊಂಡೆ.

ನಾನು ಪುರಾಣ ಕೇಳಿದವಳು, ಸುಮ್ಮನೆ ಮಾತಾಡುವುದಿಲ್ಲ. ನಮ್ಮ ಶಿವ ನಂದಿಯನ್ನೇರಿ ಲೋಕ ಸುತ್ತುತ್ತಾನೆ, ಪಕ್ಕದಲ್ಲಿ ಪಾರ್ವತಿ. ಎಷ್ಟೋ ಚಿತ್ರಪಟ ನೋಡಿದ್ದೇನೆ, ನಂದಿಯ ಮೇಲೆ ಕಮಾನು ಕಟ್ಟಿ ಪಾರ್ವತಿಯನ್ನು ಒಳಗೆ ಕೂರಿಸಿ ಪರದೆ ಬಿಟ್ಟದ್ದನ್ನು ಎಲ್ಲಿಯೂ ಕಂಡಿಲ್ಲ. ಅದರಿಂದ ದೇವರ ಮನೆತನದ ಮರ್ಯಾದೆಯೇ ಹೋಗದಿದ್ದರೆ ನಮ್ಮ ಮನೆತನದ್ದು ಹೇಗೆ ಹೋಗುತ್ತದೆ?

ಇಷ್ಟೆಲ್ಲ ವಾದ ನನ್ನೊಳಗೇ ಉಳಿಯುತ್ತಿತ್ತೇನೋ. ಹೊರಗೆ ಎಳೆದವರು ನನ್ನ ಅತ್ತೆ. ಅವರ ತವರು ಮಾಸೂರು, ಮದಗದ ಕೆರೆಯ ಪಕ್ಕದ ಊರು. ಎಳೆವಯಸ್ಸಿನಲ್ಲಿ ಹಾನಗಲ್ಲಿಗೆ ಮದುವೆಯಾಗಿ ಬಂದವರು. ಆಮೇಲೆ ಬಾಣಂತನಕ್ಕೆ, ಹಬ್ಬಕ್ಕೆ, ಮದುವೆಗೆ, ಸಾವಿಗೆ ಅದೆಷ್ಟೋ ಸಲ ಹೋಗಿ ಬಂದಿದ್ದಾರೆ. ಯುದ್ಧದ ಕಾಲದಲ್ಲೇ ಅವರ ಕಣ್ಣಿಗೆ ಪೊರೆ ಬಂತು. ಹುಬ್ಬಳ್ಳಿಯ ಡಾಕ್ಟರರು ಒಂದು ಕಣ್ಣನ್ನು ಕೈಬಿಟ್ಟರು, ಇನ್ನೊಂದರ ಬಗ್ಗೆ ಭರವಸೆ ಕೊಡಲಿಲ್ಲ. ಮನೆಗೆ ಬಂದ ಅತ್ತೆ ಜೋಳ ಹಸನು ಮಾಡುತ್ತ ಕುಳಿತು, ನನಗೆ ಮಾತ್ರ ಕೇಳುವಂತೆ ಅಂದರು:

"ಈ ಕಣ್ಣು ಹೋಗೂದ್ರಾಗ ನನ್ನ ತವರಿನ ದಾರಿ ಒಮ್ಮೆ ನೋಡಬೇಕವ್ವ."

"ಅಷ್ಟು ಸಲ ಹೋಗಿ ಬಂದೀರಲ್ರಿ ಅತ್ತಿ?"

"ಹೋಗೇನಿ. ನೋಡಿಲ್ಲ."

ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಗಾಲಿಯಡಿ ನೀರಿನ ಸಪ್ಪಳ ಬಂದರೆ ವರದಾ ಹೊಳೆ, ಬೆಲ್ಲದ ವಾಸನೆ ಬಂದರೆ ಆಲೆಮನೆಯ ಊರು, ಮೈ ಹಿಂದಕ್ಕೆ ಜಾರಿದರೆ ಹಿರೇಕೆರೂರಿನ ಏರು. ಅವರಿಗೆ ಗೊತ್ತಿದ್ದ ದಾರಿ ಅಷ್ಟು. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಕೇಳಬೇಡಿ, ಇಡೀ ಬಿದಿರಿನ ಕುಲದ ಮೇಲೆ ಬಂತು.

ಹೊಟ್ಟು, ಗೊಬ್ಬರ, ಕಬ್ಬು ಹೇರುವ ತೆರೆದ ಚಕ್ಕಡಿಯಲ್ಲಿ ಮಾಸೂರಿಗೆ ಹೋಗುತ್ತೇವೆ ಎಂದು ನಾನು ಸಾರಿದೆ. ನನ್ನ ಭಾವನವರು, ಅಂದರೆ ಅತ್ತೆಯ ಹಿರಿಯ ಮಗ, ಮನೆಯ ಯಜಮಾನಿಕೆ ಅವರದು. ತಮ್ಮನ ಹೆಂಡತಿಯೊಡನೆ ಭಾವ ನೇರವಾಗಿ ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಅವರು ಪಡಸಾಲೆಯ ಕಂಬಕ್ಕೆ ಹೇಳುತ್ತಾರೆ, ನಾನೂ ಕಂಬಕ್ಕೇ ಉತ್ತರ ಕೊಡುತ್ತೇನೆ.

"ಮನೀ ಹೆಣ್ಮಕ್ಕಳು ಹೊಟ್ಟಿನ ಚಕ್ಕಡ್ಯಾಗ ಕುಂತು ಹೋದ್ರ ಮಂದಿ ಏನಂದಾರು?" ಎಂದು ಅವರು ಕಂಬವನ್ನು ಕೇಳಿದರು.

"ಏನಂತಾರಂತ ಕೇಳಿಕೊಂಡು ಬಂದು ಹೇಳ್ತೇವ್ರಿ," ಎಂದೆ ನಾನು ಕಂಬಕ್ಕೆ.

ಯಜಮಾನರು ಕೆಮ್ಮಿದರು. ಅವರ ಬೆಂಬಲ ಯಾವಾಗಲೂ ಕೆಮ್ಮಿನ ರೂಪದಲ್ಲಿಯೇ ಬರುತ್ತದೆ.

ಬೆಳಗಾಗುತ್ತಲೇ ನಮ್ಮ ಆಳು ಫಕ್ಕೀರಪ್ಪ ಚಕ್ಕಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿದ. ಅತ್ತೆ ಹತ್ತಿ ಕುಳಿತರು. ಪೇಟೆಯ ನಡುವೆ ಹೋಗುವಾಗ ಸೆರಗನ್ನು ಹಣೆಯ ತನಕ ಎಳೆದುಕೊಂಡು ನೆಲವನ್ನೇ ನೋಡುತ್ತಿದ್ದರು. ನಾನು ಎರಡೂ ಕಡೆಯ ಅಂಗಡಿಗಳನ್ನು ಬೇಕೆಂದೇ ಒಂದೊಂದಾಗಿ ದಿಟ್ಟಿಸಿದೆ. ಅಂಗಡಿಯವರೇ ಮುಖ ತಿರುಗಿಸಿದರು.

ಊರು ದಾಟಿದ ಮೇಲೆ ಹೊಸ ಫಜೀತಿ. ನಮ್ಮ ಕಡೆಯ ಜನ ಒಳ್ಳೆಯವರು, ಅದೇ ತೊಂದರೆ. ಮೈತುಂಬ ಸೆರಗು ಹೊದ್ದ ಹಿರಿಯ ಹೆಂಗಸು ತೆರೆದ ಚಕ್ಕಡಿಯಲ್ಲಿ ಬರುತ್ತಿದ್ದರೆ ಅವರಿಗೆ ಹೊಳೆಯುವುದು ಒಂದೇ, ಪಾಪ, ಸವಾರಿ ಬಂಡಿ ದಾರಿಯಲ್ಲಿ ಮುರಿದಿದೆ. ಮೊದಲ ಹಳ್ಳಿಯಲ್ಲೇ ಒಬ್ಬ ಗೌಡಸಾನಿ ಅಡ್ಡ ಬಂದು, "ಅಚ್ಚು ಮುರೀತೇನ್ರಿ? ಇಳೀರಿ, ನಮ್ಮ ಸವಾರಿ ಬಂಡಿ ಕೊಡ್ತೇವಿ," ಎಂದರು. ಅತ್ತೆ ನಾಚಿ, "ಹೌದವ್ವ, ಮುರೀತು," ಅಂದುಬಿಟ್ಟರು. ಅವರ ಮಜ್ಜಿಗೆ ಕುಡಿದು, ಬಂಡಿ ಬೇಡವೆಂದು ಬಿಡಿಸಿಕೊಳ್ಳುವಷ್ಟರಲ್ಲಿ ಸಾಕಾಯಿತು. ಮುಂದಿನ ಊರಲ್ಲಿ ಬಡಿಗ ತನ್ನ ಹತಾರಗಳನ್ನು ಹಿಡಿದು, ಮುರಿದ ಬಂಡಿ ಎಲ್ಲಿದೆ ತೋರಿಸಿ ಎಂದು ನಮ್ಮ ಹಿಂದೆಯೇ ನಡೆದ.

ವರದೆಯ ಹತ್ತಿರ ಅತ್ತೆ ಸೆರಗು ಹಿಂದಕ್ಕೆ ಸರಿಸಿದರು. ಗಾಲಿ ನೀರಿಗಿಳಿದಾಗ ಅಭ್ಯಾಸಬಲದಿಂದ ಕಣ್ಣು ಮುಚ್ಚಿದರು, ಸಪ್ಪಳ ಕೇಳಿದರು, "ಹೊಳಿ ಬಂತು," ಎಂದರು. ಆಮೇಲೆ ಕಣ್ಣು ತೆರೆದು, ಇದ್ದ ಒಂದು ಕಣ್ಣಿಂದ ಆ ದಡದಿಂದ ಈ ದಡದವರೆಗೆ ನೋಡಿದರು. "ಇಷ್ಟು ಅಗಲ ಐತೇನು ಇದು," ಎಂದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ, ನೋಡುವುದು ಬೇಕಾದಷ್ಟಿತ್ತು.

ಆಲೆಮನೆಯ ಊರಲ್ಲಿ ಮತ್ತೊಬ್ಬಳು ಕೇಳಿದಳು, "ಬಂಡಿ ಮುರೀತೇನ್ರಿ?"

"ಬಂಡಿ ಗಟ್ಟಿ ಐತಿ," ಎಂದರು ಅತ್ತೆ. "ನಾವು ನೋಡಾಕ ಹೊಂಟೇವಿ."

"ಏನ ನೋಡಾಕ್ರಿ?"

"ದಾರಿ."

ಆಕೆ ನಮ್ಮನ್ನೂ ನಮ್ಮ ದಾರಿಯನ್ನೂ ಬಹಳ ಹೊತ್ತು ನೋಡುತ್ತ ನಿಂತಳು. ಹಿರೇಕೆರೂರಿನಲ್ಲಿ ಬಂಧುಗಳ ಮನೆಯಲ್ಲಿ ತಂಗಿ, ಮರುದಿನ ಮಾಸೂರಿಗೆ ಹೊರಟೆವು. ಎರಡು ಗುಡ್ಡಗಳ ನಡುವೆ ಮದಗದ ಕೆರೆಯ ನೀರು ಬಿಸಿಲಿಗೆ ಹೊಳೆಯುವುದನ್ನು ಅತ್ತೆಯೇ ನನಗಿಂತ ಮೊದಲು ಕಂಡರು. ಕೈ ಎತ್ತಿ ಮುಗಿದರು.

ತಿರುಗಿ ಹೊರಡುವ ದಿನ ಭಾವನವರು ಹಾನಗಲ್ಲಿನಿಂದ ಸವಾರಿ ಬಂಡಿ ಕಳಿಸಿದ್ದರು, ಹೊಸ ಪರದೆ ಹಾಕಿಸಿ. ಬರುವಾಗಲಾದರೂ ಮರ್ಯಾದೆಯಿಂದ ಬರಲಿ ಎಂದು ಹೇಳಿ ಕಳಿಸಿದ್ದರಂತೆ. ಅತ್ತೆ ಪರದೆಯ ಬಟ್ಟೆಯನ್ನು ಮುಟ್ಟಿ ಮೆಚ್ಚಿಕೊಂಡರು. ತವರಿನವರು ಕೊಟ್ಟ ಮಾವಿನ ಉಪ್ಪಿನಕಾಯಿಯ ಗಡಿಗೆಯನ್ನು ತರಿಸಿ ಒಳಗಿಡಿಸಿದರು. "ಬಿಸಲು ತಾಗಬಾರದು, ಪರದಿ ಚೆಂದಂಗ ಕಟ್ಟಪಾ," ಎಂದು ಹೇಳಿ, ತಾವು ಬಂದು ಚಕ್ಕಡಿ ಹತ್ತಿದರು. ಹೀಗೆ ನಮ್ಮ ಮನೆತನದ ಉಪ್ಪಿನಕಾಯಿ ಪೂರ್ಣ ಮರ್ಯಾದೆಯಿಂದ ಹಾನಗಲ್ ಸೇರಿತು. ದಾರಿಯಲ್ಲಿ ಕೆಲವರು ಆ ಬಂಡಿಗೆ ನಮಸ್ಕಾರವನ್ನೂ ಮಾಡಿದರು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆ ಇನ್ನೊಂದು ಕಣ್ಣೂ ಮಂಜಾಯಿತು. ಸುಗ್ಗಿಯ ಮೇಲೆ ಮಾಸೂರಿನಲ್ಲಿ ಅತ್ತೆಯ ತಮ್ಮನ ಮೊಮ್ಮಗಳ ಮದುವೆ ಬಂತು. ಭಾವನವರು ಈ ಸಲ ವಾದಕ್ಕೆ ಬರಲಿಲ್ಲ. ತಾಯಿಯ ಪಕ್ಕ ಕುಳಿತು, ನಿಜವಾದ ಅಕ್ಕರೆಯಿಂದಲೇ ಹೇಳಿದರು, "ಅವ್ವ, ಇನ್ನ ಚಕ್ಕಡಿ ಯಾಕ? ನಿನಗಂತೂ ಏನೂ ಕಾಣೂದಿಲ್ಲ. ನೆರಳಾಗ ಕುಂತು ಹೋಗು."

ಅತ್ತೆ ಸೆರಗು ಸರಿಪಡಿಸಿಕೊಂಡು ಎದ್ದು ನಿಂತರು, ನನ್ನ ಹೆಗಲಿಗಾಗಿ ಕೈ ಚಾಚಿದರು.

"ನನಗ ಊರು ಕಾಣೂದಿಲ್ಲ, ಖರೆ," ಎಂದರು. "ಊರಿಗೆ ನಾ ಕಾಣಬ್ಯಾಡೇನು?"

ಫಕ್ಕೀರಪ್ಪ ಚಕ್ಕಡಿ ಹೂಡಿದ.