ಬೆಣ್ಣೆಗಾಲಣ್ಣನ ಒಂದು ಲೋಟ ನೀರು

ಬೆಳಗಿನ ಐದೂವರೆ. ಊರ ಹೊರಗಿನ ದೊಡ್ಡ ಅಂಗಳದಲ್ಲಿ ಇನ್ನೂರು ಹೊಸ ಕಾರುಗಳು ಇಬ್ಬನಿ ಹೊದ್ದು ಮಲಗಿವೆ. ಐವತ್ತೇಳು ವರ್ಷದ ಒಬ್ಬರು ಮೊದಲ ಸಾಲಿನ ಬಿಳಿ ಕಾರಿನ ಬಾಗಿಲು ತೆಗೆದು, ಬಲಗಾಲಿನ ಚಪ್ಪಲಿ ಕಳಚಿ ಹಿಂದಿನ ಸೀಟಿನತ್ತ ಎಸೆದು, ಬರಿಗಾಲನ್ನು ಬ್ರೇಕಿನ ಮೇಲೆ ಇಡುತ್ತಾರೆ. ಪಕ್ಕದಲ್ಲಿ ಮಗಳು. ಅವಳ ಮಡಿಲಲ್ಲಿ ಒಂದು ನೀರಿನ ಬಾಟಲಿ, ಒಂದು ಸ್ಟೀಲ್ ಲೋಟ. ಕಾರು ಗೇಟು ದಾಟಿ ಖಾಲಿ ರಸ್ತೆಗೆ ಇಳಿಯುತ್ತದೆ. ಇವರು ಕಾಲು ಹಗುರವಾಗಿ ಒತ್ತುತ್ತಾರೆ. ಕಾರು ಎಡವಿದವರಂತೆ ಮುಗ್ಗರಿಸುತ್ತದೆ.

"ಅಪ್ಪಾ, ಇದು ಕಚ್ಚೋ ಜಾತಿ."

"ಹೊಸ ಅಳಿಯ ಕಣೇ. ಸುಮ್ನೆ ಮುಟ್ಟಿದ್ರೂ ಮುನಿಸ್ಕೊಂಡು ನಿಂತ್ಬಿಡ್ತಾನೆ."

ಅಂಗಳದವರು ಇವರನ್ನು ಕರೆಯುವುದು ಬೆಣ್ಣೆಗಾಲಣ್ಣ ಎಂದು. ಹತ್ತೊಂಬತ್ತು ವರ್ಷದಿಂದ ಇವರ ಕೆಲಸ ಒಂದೇ, ಹೊಸ ಕಾರುಗಳ ಬ್ರೇಕು ಪಳಗಿಸುವುದು. ತಿಂಗಳುಗಟ್ಟಲೆ ಬಯಲಲ್ಲಿ ನಿಂತ ಕಾರಿನ ಬ್ರೇಕಿನ ತಟ್ಟೆಗೆ ತುಕ್ಕಿನ ಪೊರೆ ಕಟ್ಟಿರುತ್ತದೆ. ಅದನ್ನು ಹಿಡಿಯುವ ಪ್ಯಾಡು ಇನ್ನೂ ಒರಟು. ಹಾಗಾಗಿ ತಾಗಿಸಿದರೆ ಸಾಕು, ಗಬಕ್ಕನೆ ಹಿಡಿಯುತ್ತದೆ. ಅರವತ್ತರ ವೇಗದಿಂದ ಹತ್ತಕ್ಕೆ ಇಳಿಸಬೇಕು, ಪೂರ್ತಿ ನಿಲ್ಲಿಸಬಾರದು, ಕಾವು ಆರುವಷ್ಟು ದೂರ ಓಡಿಸಿ ಮತ್ತೆ ಇಳಿಸಬೇಕು. ಒಂದು ಕಾರಿಗೆ ಮೂವತ್ತು ಸಲ. ದಿನಕ್ಕೆ ಒಂಬತ್ತು ಕಾರು. ಲೆಕ್ಕ ಹಾಕಿದರೆ ಇವರ ಬಲಗಾಲು ಈವರೆಗೆ ಹದಿನೈದು ಲಕ್ಷ ಸಲ ಬ್ರೇಕು ಒತ್ತಿದೆ.

ಕೊನೆಗೆ ಲೋಟದ ಪರೀಕ್ಷೆ. ಅಂಚಿಗೆ ಒಂದು ಬೆರಳು ಕಡಿಮೆ ನೀರು ತುಂಬಿ, ಪಕ್ಕದ ಸೀಟಿನ ಮುಂದೆ ನೆಲದಲ್ಲಿ ಹಳೆಯ ಪತ್ರಿಕೆಯ ಮೇಲೆ ಇಡುವುದು. ಮೂವತ್ತರ ವೇಗದಿಂದ ಕಾರು ನಿಲ್ಲಿಸುವುದು. ಪತ್ರಿಕೆ ಒಣಗಿದ್ದರೆ ಬ್ರೇಕು ಪಳಗಿತು. ಆ ಕಾರಿನ ತಪಾಸಣೆ ಕಾರ್ಡಿನ ಮೇಲೆ ಸಹಿ. ಕಂಪನಿಯ ಯಾವ ಪುಸ್ತಕದಲ್ಲೂ ಈ ಲೋಟದ ಮಾತಿಲ್ಲ. ಇವರೇ ಕಂಡುಕೊಂಡದ್ದು.

ಅಜ್ಜಿ ಹೇಳುವ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಅಡಗಿರುತ್ತದೆ. ಬೆಣ್ಣೆಗಾಲಣ್ಣನ ಜೀವ ಇದ್ದದ್ದು ಬಲಗಾಲಿನ ಹೆಬ್ಬೆರಳಿನಲ್ಲಿ. ಆ ಗಿಳಿ ಯಾವಾಗ ಸತ್ತಿತೋ ಇವರಿಗೇ ಗೊತ್ತಿಲ್ಲ.

ಗೊತ್ತಾದದ್ದು ಮನೆಯಲ್ಲಿ. ಮೂರು ತಿಂಗಳ ಹಿಂದೆ ಹೆಂಡತಿ ನೆಲ ಒರೆಸುತ್ತಿದ್ದಾಗ ಅಡುಗೆಮನೆಯಿಂದ ಬಚ್ಚಲವರೆಗೆ ರಕ್ತದ ಚುಕ್ಕಿಗಳ ಸಾಲು ಕಂಡಿತು. ಹಿಂಬಾಲಿಸಿಕೊಂಡು ಹೋದರೆ ಗಂಡ ಹಲ್ಲುಜ್ಜುತ್ತ ನಿಂತಿದ್ದರು. ಬಲಪಾದದಲ್ಲಿ ಕ್ಯಾಲೆಂಡರಿಗೆ ಹೊಡೆಯುವ ಮೊಳೆ, ತಲೆಯವರೆಗೂ ಇಳಿದಿತ್ತು.

"ಮೊಳೆ ಚುಚ್ಚಿದ್ದು ಗೊತ್ತಾಗ್ಲಿಲ್ವೇನ್ರೀ ಅಂದೆ," ಎನ್ನುತ್ತಾರೆ ಆಕೆ. "ಯಾವ ಮೊಳೆ ಅಂತ ನನ್ನೇ ಕೇಳಿದ್ರು. ಸಕ್ಕರೆ ಕಾಯಿಲೆ ಕಾಲಿನ ನರ ತಿಂದುಬಿಟ್ಟಿದೆ ಅಂದ್ರು ಡಾಕ್ಟ್ರು. ಇವರು ಗಾಯ ಕಟ್ಟಿಸ್ಕೊಂಡು ಬಂದವರು ನೋವು ಅಂತ ಅಳ್ಲಿಲ್ಲ. ನೋವಿಲ್ಲ ಅಂತ ಅತ್ರು."

ಅಳುವುದಕ್ಕೆ ಕಾರಣವಿತ್ತು. ಮೊಳೆ ಸಿಗುವ ಹನ್ನೆರಡು ದಿನ ಮೊದಲು, ಬೆಣ್ಣೆಗಾಲಣ್ಣ ಸಹಿ ಹಾಕಿದ ಒಂದು ಕೆಂಪು ಕಾರು ಮನೆ ಸೇರಲು ಹೊರಟಿತ್ತು. ಓಡಿಸುತ್ತಿದ್ದವಳು ಕೊಂಡ ಹೆಂಗಸು, ಹಿಂದೆ ಕೂತವರು ಅವಳ ತಾಯಿ. ಮೊದಲ ಸಿಗ್ನಲ್ಲಿನಲ್ಲಿ ಮಗಳು ಹಳೆಯ ಕಾರಿನ ಅಭ್ಯಾಸದಂತೆ ಬ್ರೇಕು ಒತ್ತಿದಳು. ಕಾರು ಕಚ್ಚಿ ನಿಂತಿತು. ಬೆಲ್ಟು ಹಾಕಿರದ ತಾಯಿ ಮುಂದಿನ ಸೀಟಿಗೆ ಬಡಿದರು. ಕತ್ತಿನ ಮೂಳೆ ಮುರಿಯಿತು. ಅಂದಿನಿಂದ ಅವರು ಹಾಸಿಗೆಯಲ್ಲಿ ಸೂರು ನೋಡುತ್ತ ಮಲಗಿದ್ದಾರೆ.

ಕಾರು ಪರೀಕ್ಷಿಸಿದವರು ದೋಷವಿಲ್ಲ ಎಂದರು. ಹೊಸ ಗಾಡಿ, ಕೈಕಾಲಿಗೆ ಒಗ್ಗಬೇಕು ಎಂದರು. ಇವರ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಆ ಕಾರಿಗೆ ಸಹಿ ಹಾಕಿದ ದಿನ ಅವಸರವಿತ್ತು. ಒಂಬತ್ತರ ಬದಲು ಹದಿನಾಲ್ಕು ಕಾರು. ಇವರು ಲೋಟ ಇಡಲೇ ಇಲ್ಲ. "ಕಾಲಿಗೆ ಮೆತ್ತಗೆ ಅನ್ನಿಸ್ತು," ಎನ್ನುತ್ತಾರೆ. "ಸತ್ತ ಕಾಲಿಗೆ ಎಲ್ಲಾನೂ ಮೆತ್ತಗೇ ಅಲ್ವಾ? ಹತ್ತೊಂಬತ್ತು ವರ್ಷದ ಕಾಲು ಅಂತ ನಂಬಿದೆ."

ಒಮ್ಮೆ ಆ ತಾಯಿಯನ್ನು ನೋಡಿ ಬಂದಿದ್ದಾರೆ. ಅಂಗಳದಿಂದ ಬಂದವನು ಎಂದಷ್ಟೇ ಹೇಳಿಕೊಂಡರಂತೆ. ಆಕೆ ಕಣ್ಣು ಮಾತ್ರ ಇವರತ್ತ ಹೊರಳಿಸಿ, "ಗಾಡಿ ಚೆನ್ನಾಗೇ ಇದೆಯಪ್ಪ. ಬ್ರೇಕು ಮಾತ್ರ ಭಾರಿ ಚುರುಕು," ಎಂದರು. ಕೊಟ್ಟ ಕಾಫಿ ಕುಡಿಯಲಾಗದೆ ಇವರು ಎದ್ದು ಬಂದರು.

ಕಾಲಿನ ಸಂಗತಿಯನ್ನು ಅಂಗಳದ ಮೇಲ್ವಿಚಾರಕರಿಗೆ ಹೇಳಿದರು. "ಅಣ್ಣ, ರಿಟೈರಾಗೋಕೆ ಇನ್ನೊಂದೇ ವರ್ಷ. ಬಾಯಿಗೆ ಬೀಗ ಹಾಕ್ಕೊಂಡು ಕಳೆದುಬಿಡಿ," ಎಂಬ ಉತ್ತರ ಬಂತು. ಅಂದಿನಿಂದ, ಅದೇ ಅಂಗಳದಲ್ಲಿ ಕಾರು ಒರೆಸುವ ಮಗಳು ಅಪ್ಪನ ಪಕ್ಕ ಕೂರುತ್ತಿದ್ದಾಳೆ. ಅಪ್ಪನ ಕಣ್ಣು ರಸ್ತೆಯ ಮೇಲೆ, ಮಗಳ ಕಣ್ಣು ಲೋಟದ ಮೇಲೆ. ಈ ಮೂರು ತಿಂಗಳಲ್ಲಿ ಒಮ್ಮೆಯೂ ನೀರು ಚೆಲ್ಲಿಲ್ಲ. ಅವಳು ಹಾಗೆ ಹೇಳುತ್ತಾಳೆ.

ಬಿಳಿ ಕಾರಿನ ಮೂವತ್ತನೆಯ ಸುತ್ತು ಮುಗಿಯುತ್ತದೆ. ಲೋಟಕ್ಕೆ ನೀರು ಬೀಳುತ್ತದೆ. ಬೆಣ್ಣೆಗಾಲಣ್ಣ ಉಸಿರು ಹಿಡಿದು ಕಾಲು ಒತ್ತುತ್ತಾರೆ. ಕಾರು ನಿಲ್ಲುತ್ತದೆ.

"ಏನಾಯ್ತು?"

"ಚೆಲ್ಲಿಲ್ಲಪ್ಪ. ಒಂದು ಹನಿಯೂ ಇಲ್ಲ."

ಈ ಮೂರು ತಿಂಗಳಲ್ಲಿ ಮೊದಲ ಸಲ ಅವರೇ ಬಗ್ಗಿ ನೋಡುತ್ತಾರೆ. ಪತ್ರಿಕೆ ಹೊಸದು, ಮಡಿಕೆ ಇನ್ನೂ ಗರಿಗರಿ. ಲೋಟದಲ್ಲಿ ನೀರು ಅಂಚಿಗೆ ಒಂದೇ ಬೆರಳು ಕಡಿಮೆ. ಮಗಳ ದುಪಟ್ಟಾದ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ. ಸೀಟಿನಡಿಯಿಂದ ಒದ್ದೆ ಪತ್ರಿಕೆಯ ಮೂಲೆ ಇಣುಕುತ್ತಿದೆ.

"ಎಷ್ಟು ದಿನದಿಂದ ಪುಟ್ಟಿ?"

ಅವಳು ಕಿಟಕಿಯಾಚೆ ನೋಡುತ್ತಾಳೆ. "ಮೊದಲನೇ ದಿನದಿಂದ."

ಕಾರು ಪಳಗಿಲ್ಲವೋ, ಕಾಲು ಪಳಗಿಲ್ಲವೋ, ಅದನ್ನು ಹೇಳಬೇಕಾದ ಕಾಲಿಗೇ ಗೊತ್ತಿಲ್ಲ. ಹಾಗೆ ಹೊರಟುಹೋದ ಕಾರುಗಳು ಏಳುನೂರಕ್ಕೂ ಹೆಚ್ಚು. ಬೆಣ್ಣೆಗಾಲಣ್ಣ ಬೈಯುವುದಿಲ್ಲ. ಲೋಟ ಎತ್ತಿಕೊಂಡು, ಅದರಲ್ಲಿದ್ದ ನೀರನ್ನು ಕುಡಿದು, ಒರೆಸಿ ಅವಳ ಕೈಗೆ ಕೊಡುತ್ತಾರೆ.

"ನನ್ನ ಕಾಲು ಸುಳ್ಳು ಹೇಳ್ತು. ನನ್ನ ಮೇಲಿನ ಅಕ್ಕರೆಗೆ ನೀನೂ ಹೇಳ್ದೆ. ನೀರಿಗೆ ಆ ವಿದ್ಯೆ ಬರಲ್ಲ ಮಗಳೇ."

ಅಂಗಳಕ್ಕೆ ಮರಳುವಾಗ ಮಗಳು ಸ್ಟೇರಿಂಗ್ ಹಿಡಿದಿದ್ದಾಳೆ. ಬೆಣ್ಣೆಗಾಲಣ್ಣ ಕಾರ್ಡಿನಲ್ಲಿ 'ಪಳಗಿಲ್ಲ' ಎಂದು ಬರೆಯುತ್ತಾರೆ. ಅದರ ಕೆಳಗೆ, 'ಓಡಿಸಿದವನ ಬಲಗಾಲಿಗೆ ಸ್ಪರ್ಶವಿಲ್ಲ. ನಾಲ್ಕು ತಿಂಗಳಿಂದ ನಾನು ಸಹಿ ಹಾಕಿದ ಎಲ್ಲ ಕಾರುಗಳನ್ನೂ ವಾಪಸ್ ಕರೆಸಿ ನೋಡಬೇಕು.' ಒಂದೇ ಕಾರ್ಡಾದರೆ ಹರಿದು ಬಿಸಾಡುತ್ತಾರೆಂದು, ಆ ದಿನದ ಉಳಿದ ಎಂಟು ಕಾರ್ಡುಗಳ ಮೇಲೂ ಅದನ್ನೇ ಬರೆಯುತ್ತಾರೆ. ಮೇಲ್ವಿಚಾರಕರು ಗಾಜಿನಾಚೆಯಿಂದ ಎದ್ದು ಬರುತ್ತಿರುವುದು ಕಾಣುತ್ತದೆ. ಇವರು ಒಂಬತ್ತನೆಯ ಸಹಿ ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಬಲಗಾಲು ಸರಿಯಾಗಿ ಒಳಗೆ ಹೋಯಿತೇ ಎಂದು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ.

"ಆ ಅಮ್ಮನ ಮನೆಗೆ ಹೋಗ್ಬೇಕು. ಬ್ರೇಕು ಪಳಗಿಸಬೇಕಾಗಿದ್ದವನು ನಾನೇ ಅಂತ ಹೇಳ್ಬೇಕು. ಆಮೇಲೆ ಅವರು ಕಾಫಿ ಕೊಟ್ರೆ, ಪೂರ್ತಿ ಕುಡಿದು ಬರಬೇಕು."